ಎರಡೂ ಒಳ್ಳೆಯ ಕಾಲೇಜು, ಸಹಿ ಮಾತ್ರ ಮಗುವಿನದು

(ಬಡಾವಣೆಯ ಕನ್ನಡ ತರುಣರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ)



ನಾನು ಭಾಷಣಕಾರನಲ್ಲ. ಚಾಮರಾಜಪೇಟೆಯಲ್ಲಿ ಒಂದು ಸಣ್ಣ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿಯುಸಿವರೆಗೆ. ಕರಪತ್ರ, ಲಗ್ನಪತ್ರಿಕೆ, ಬಿಲ್ ಬುಕ್ಕು, ರಾಜ್ಯೋತ್ಸವದ ಪೋಸ್ಟರು, ಇವನ್ನೆಲ್ಲ ಅಚ್ಚು ಹಾಕಿ ಬದುಕುವವನು. ನಿಮ್ಮಲ್ಲಿ ಎಷ್ಟೋ ಜನ ರಾತ್ರಿ ಹನ್ನೊಂದು ಗಂಟೆಗೆ ನನ್ನ ಪ್ರೆಸ್ಸಿಗೆ ಬಂದು 'ಅಣ್ಣಾ, ಬೆಳಿಗ್ಗೆಗೆ ಬೇಕೇ ಬೇಕು' ಎಂದು ಕೂತವರು. ಆ ಸಲುಗೆಯಿಂದಲೇ ನಿಮ್ಮ ಕಾರ್ಯದರ್ಶಿಗಳು ನನ್ನನ್ನು ಹಿಡಿದು ಇಲ್ಲಿ ನಿಲ್ಲಿಸಿದ್ದಾರೆ.

ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತದವನು ಕಾಲೇಜು ಆರಿಸುವ ಬಗ್ಗೆ ಏನು ಹೇಳಿಯಾನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಗೆಳೆಯರೇ, ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಾಲೇಜು ಆರಿಸಿಕೊಡುವವರು ಯಾರು? ಬಹುಪಾಲು ನನ್ನಂಥವರೇ! ಅಪ್ಪ ಏಳನೇ ಕ್ಲಾಸು, ಅಮ್ಮ ಎಸ್ಸೆಸ್ಸೆಲ್ಸಿ, ಮಾವ ಪಿಯುಸಿ. ನಾವು ಕೂತು ಹದಿನೇಳು ಹದಿನೆಂಟರ ಮಗುವಿನ ನಾಲ್ಕು ವರ್ಷವನ್ನು ಒಂದು ಸಂಜೆಯಲ್ಲಿ ತೀರ್ಮಾನ ಮಾಡಿಬಿಡುತ್ತೇವೆ. ಫಲಿತಾಂಶ ಬಂದ ವಾರ ನಿಮ್ಮ ಬೀದಿಯಲ್ಲೇ ನೋಡಿ. ಪಕ್ಕದ ಮನೆಯ ತಾಯಿ ನಿಮ್ಮನ್ನು ನಿಲ್ಲಿಸಿ, 'ನೀನು ಓದಿದವನು, ನಮ್ಮ ಹುಡುಗನಿಗೆ ಸ್ವಲ್ಪ ಹೇಳಪ್ಪಾ' ಅನ್ನುತ್ತಾರೆ. ಆಗ ನೀವು ಏನು ಹೇಳುತ್ತೀರಿ? ಇವತ್ತಿನ ನನ್ನ ಮಾತೆಲ್ಲ ಅದರ ಬಗ್ಗೆಯೇ.

ಇದು ಸಂಕಟವಲ್ಲ, ಸಂಪತ್ತು

ಒಂದು ಕಾಲೇಜು ಕೆಟ್ಟದ್ದು, ಇನ್ನೊಂದು ಒಳ್ಳೆಯದು ಎಂದಾದರೆ ತಲೆನೋವೇ ಇಲ್ಲ. ಎರಡೂ ಒಳ್ಳೆಯದಾದಾಗಲೇ ಮನೆಯಲ್ಲಿ ಜಗಳ. ಆದರೆ ಜಗಳಕ್ಕೆ ಮುಂಚೆ ಒಂದು ಮಾತು ನೆನಪಿರಲಿ. ಸಾಮಾನ್ಯರ ಮನೆಯ ಮಗುವಿಗೆ ಎರಡು ಒಳ್ಳೆಯ ಕಾಲೇಜು ಎದುರಿಗೆ ನಿಲ್ಲುವುದು ಈ ನಾಡಿನಲ್ಲಿ ಸುಮ್ಮನೆ ಆದದ್ದಲ್ಲ. ದುಡ್ಡು ಇದ್ದವರಿಗೆ ಸೀಟು ಎಂಬ ಕಾಲ ಇತ್ತು. 1984ರಲ್ಲಿ ಕ್ಯಾಪಿಟೇಷನ್ ನಿಷೇಧಿಸುವ ಕಾಯ್ದೆಯನ್ನು ನಮ್ಮ ರಾಜ್ಯವೇ ಮಾಡಿತು. 1992ರ ಮೋಹಿನಿ ಜೈನ್ ಮೊಕದ್ದಮೆ ನಮ್ಮ ರಾಜ್ಯದ ಮೇಲೆಯೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1993ರಲ್ಲಿ ಉನ್ನಿಕೃಷ್ಣನ್ ತೀರ್ಪು ಬಂತು. 1994ರಿಂದ ನಮ್ಮಲ್ಲಿ ಸಿಇಟಿ. ಶುಲ್ಕದ ನಿಯಮಗಳು ಆಮೇಲೆ ಎಷ್ಟೋ ಸಲ ಬದಲಾದವು. ಆದರೆ ಸರ್ಕಾರಿ ಕೋಟಾದ ಸೀಟು ರ‍್ಯಾಂಕಿನ ಪ್ರಕಾರ ಎಂಬುದು ಉಳಿದಿದೆ. ಕಬ್ಬು ಬೆಳೆಯುವವನ ಮಗಳು 'ಇದೋ ಅದೋ' ಎಂದು ಯೋಚಿಸುತ್ತಾ ಕೂರುವ ಹಾಗಾಗಿದೆ ಎಂದರೆ ಅದು ಅವಳ ಓದಿನ ಫಲ, ಜೊತೆಗೆ ಹಿಂದಿನವರು ಹೋರಾಡಿ ತಂದುಕೊಟ್ಟ ಹಕ್ಕು. ಆ ಹಕ್ಕನ್ನು ಮನೆಯ ಹಿರಿಯರು ಕಸಿದುಕೊಳ್ಳಬಾರದು.

ಕಬ್ಬು ಬೆಳೆಯುವವನ ಮಗಳು ಎಂದೆನಲ್ಲ, ಅದು ನಮ್ಮ ಮನೆಯ ಕಥೆಯೇ. ನಮ್ಮಕ್ಕನನ್ನು ಕೊಟ್ಟಿರುವುದು ಮಂಡ್ಯದ ಕಡೆಗೆ. ಭಾವನವರಿಗೆ ಎರಡು ಎಕರೆ ಕಬ್ಬಿನ ಗದ್ದೆ. ಮಗಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ವಿಜ್ಞಾನ. 2023ರ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂತು. ಅವಳಿಗೆ ಬೇಕಾದದ್ದು ಎಲೆಕ್ಟ್ರಿಕಲ್. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಉಳಿದದ್ದು ಎರಡು ಹೆಸರು. ಒಂದು ಬೆಂಗಳೂರಿನ ಕೆ.ಆರ್. ವೃತ್ತದ ಯುವಿಸಿಇ. 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ್ದು. 2021ರ ಕಾಯ್ದೆಯಿಂದ ಅದೇ ಒಂದು ವಿಶ್ವವಿದ್ಯಾಲಯವಾಗಿದೆ. ಇನ್ನೊಂದು ಮೈಸೂರಿನ ಎನ್ಐಇ. 1946ರಲ್ಲಿ ಶುರುವಾದದ್ದು, ಸ್ವಾತಂತ್ರ್ಯಕ್ಕಿಂತ ಒಂದು ವರ್ಷ ಹಿರಿಯದು. ಮಂಡ್ಯದಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರು, ಮೈಸೂರಿಗೆ ಸುಮಾರು ನಲವತ್ತೈದು.

ಇದರಲ್ಲಿ ಯಾವುದು ಕಳಪೆ? ಹೇಳಿ ನೋಡೋಣ! ಯಾವುದೂ ಅಲ್ಲ. ಅದಕ್ಕೇ ಮನೆಯಲ್ಲಿ ಎರಡು ಪಕ್ಷವಾಯಿತು. ಭಾವನವರು ಮೈಸೂರು ಪಕ್ಷ. 'ಸಾಯಂಕಾಲ ಮಗಳು ಮನೆಗೆ ಬಂದರೆ ನನಗೆ ನಿದ್ದೆ' ಅಂದರು. ನಾನು ಬೆಂಗಳೂರು ಪಕ್ಷ. 'ಕಂಪನಿಗಳು ಇಲ್ಲಿವೆ, ಮಾವನ ಮನೆ ಇಲ್ಲಿದೆ, ಇನ್ನೇನು ಬೇಕು' ಅಂದೆ. ಒಂದು ಗಂಟೆ ನಾವಿಬ್ಬರೂ ಕೂಗಾಡಿದ ಮೇಲೆ ಅಕ್ಕ ಒಳಗಿನಿಂದ ಬಂದು ಒಂದೇ ಮಾತು ಕೇಳಿದಳು: 'ಅಲ್ಲಾ, ನೀವಿಬ್ರೂ ಸೇರ್ತಾ ಇದ್ದೀರೋ, ಮಗಾ ಸೇರ್ತಾ ಐತೋ?'

ಇಬ್ಬರೂ ಸುಮ್ಮನಾದೆವು. ಆಮೇಲೆ ನಾವು ಏನೇನು ಮಾಡಿದೆವು ಎಂಬುದನ್ನು ಹೇಳುತ್ತೇನೆ. ನಿಮ್ಮ ಬೀದಿಯ ಮಗುವಿಗೆ ಉಪಯೋಗಕ್ಕೆ ಬಂದೀತು.

ಯಾವ ಕಾಗದ ಒಳ್ಳೆಯದು?

ಪ್ರೆಸ್ಸಿಗೆ ಬರುವ ಗಿರಾಕಿಗಳು ಎರಡು ನಮೂನೆ ಕಾಗದ ಮುಟ್ಟಿ ನೋಡಿ, 'ಸ್ವಾಮಿ, ಆರ್ಟ್ ಪೇಪರ್ ಒಳ್ಳೆಯದೋ, ಮ್ಯಾಪ್‌ಲಿಥೋ ಒಳ್ಳೆಯದೋ' ಎಂದು ಕೇಳುತ್ತಾರೆ. ನಾನು ಉತ್ತರ ಹೇಳುವುದಿಲ್ಲ. 'ಏನು ಅಚ್ಚು ಹಾಕಿಸುತ್ತೀರಿ' ಎಂದು ತಿರುಗಿ ಕೇಳುತ್ತೇನೆ. ಬಣ್ಣದ ಫೋಟೋ ಇದ್ದರೆ ಆರ್ಟ್ ಪೇಪರ್. ಪೆನ್ನಿನಲ್ಲಿ ಬರೆಯುವ ರಸೀದಿ ಪುಸ್ತಕಕ್ಕೆ ಅದೇ ಆರ್ಟ್ ಪೇಪರ್ ಹಾಕಿದರೆ ಶಾಯಿ ಒಣಗದೆ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಎರಡೂ ಒಳ್ಳೆಯ ಕಾಗದವೇ. ಕೆಲಸ ಯಾವುದು ಎಂಬುದು ಗೊತ್ತಾಗದೆ ಕಾಗದ ಆರಿಸಲಾಗದು.

ಕಾಲೇಜೂ ಹಾಗೆಯೇ. 'ಯಾವುದು ಬೆಸ್ಟ್' ಎಂದು ಕೇಳಿದರೆ ನೂರು ಜನ ನೂರು ಹೇಳುತ್ತಾರೆ. ದೂರದ ಬೆಟ್ಟ ನುಣ್ಣಗೆ. 'ಈ ಮಗುವಿಗೆ, ಈ ಮನೆಗೆ, ಈ ನಾಲ್ಕು ವರ್ಷಕ್ಕೆ ಯಾವುದು' ಎಂದು ಕೇಳಿ. ಆಗ ನೂರು ಜನರಲ್ಲಿ ತೊಂಬತ್ತೇಳು ಜನ ಬಾಯಿ ಮುಚ್ಚುತ್ತಾರೆ. ಮಾತಾಡಲು ಉಳಿಯುವವರು ಅಪ್ಪ, ಅಮ್ಮ ಮತ್ತು ಆ ಮಗು.

ಹಿರಿಯರ ಕೆಲಸ ಎಸ್ಟಿಮೇಟ್ ಹಾಕುವುದು

ಮೊದಲು ಖರ್ಚು. ಫೀಸು ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಪ್ರೆಸ್ಸಿನಲ್ಲಿ ನಾವು ಬರೀ ಕಾಗದದ ಬೆಲೆ ಹೇಳುತ್ತೇವೆಯೇ? ಪ್ಲೇಟು, ಇಂಕು, ಮೆಷಿನ್ನು, ಬೈಂಡಿಂಗು, ಸಾಗಾಣಿಕೆ, ಎಲ್ಲ ಸೇರಿಸಿ ಹೇಳುತ್ತೇವೆ. ಹಾಗೆಯೇ ಒಂದು ಹಾಳೆಯಲ್ಲಿ ನಡುವೆ ಗೆರೆ ಎಳೆಯಿರಿ. ಆ ಕಡೆ ಒಂದು ಕಾಲೇಜು, ಈ ಕಡೆ ಒಂದು. ನಾಲ್ಕು ವರ್ಷದ ಶುಲ್ಕ, ಪರೀಕ್ಷೆ ಶುಲ್ಕ, ಹಾಸ್ಟೆಲ್ ಅಥವಾ ಪಿಜಿ, ಊಟ, ಓಡಾಟ, ಲ್ಯಾಪ್‌ಟಾಪು, ಹಬ್ಬಕ್ಕೆ ಊರಿಗೆ ಬಂದು ಹೋಗುವುದು. ಎಲ್ಲವನ್ನೂ ಬರೆಯಿರಿ.

ಸರ್ಕಾರಿ ಕಾಲೇಜಿನ ಶುಲ್ಕ ಕಡಿಮೆ. ಖಾಸಗಿಯಲ್ಲಿ ಸಿಇಟಿ ಸೀಟಿಗೂ ಹೆಚ್ಚು. ಅದು ಎಲ್ಲರಿಗೂ ಗೊತ್ತು. ಆದರೆ ಬೆಂಗಳೂರಿನಲ್ಲಿ ಪಿಜಿಗೆ ಊಟ ಸೇರಿ ತಿಂಗಳಿಗೆ ಎಂಟು ಸಾವಿರ ಎಂದು ಹಿಡಿಯಿರಿ. ವರ್ಷಕ್ಕೆ ಹತ್ತು ತಿಂಗಳು ಎಂದರೆ 80,000. ನಾಲ್ಕು ವರ್ಷಕ್ಕೆ 3,20,000. ಶುಲ್ಕದಲ್ಲಿ ಉಳಿದದ್ದು ಇಲ್ಲಿ ಹೋಯಿತು! ಮೈಸೂರಿಗೆ ಮನೆಯಿಂದ ಓಡಾಡಿದರೆ ರೈಲಿನ ವಿದ್ಯಾರ್ಥಿ ಪಾಸು ಇದೆ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿಗೆ ದುಡ್ಡಿಲ್ಲ. ನಮ್ಮ ಹಾಳೆಯಲ್ಲಿ ಎರಡೂ ಕಡೆಯ ಮೊತ್ತ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿತು. ಹಾಳೆಗೆ ಮುಂಚೆ ಭಾವನವರೂ ನಾನೂ ದುಡ್ಡಿನ ಹೆಸರಿನಲ್ಲಿ ಜಗಳ ಆಡುತ್ತಿದ್ದೆವು. ಹಾಳೆಯ ನಂತರ ಆ ಜಗಳ ನಿಂತುಹೋಯಿತು.

ನೆರವು ಏನೇನಿದೆ ಎಂಬುದನ್ನೂ ಬರೆಯಿರಿ. ಕುಟುಂಬದ ಆದಾಯ ವರ್ಷಕ್ಕೆ ಎಂಟು ಲಕ್ಷದೊಳಗೆ ಇದ್ದರೆ ಬೋಧನಾ ಶುಲ್ಕ ಮನ್ನಾ ಇರುವ ಸೂಪರ್ ನ್ಯೂಮರರಿ ಸೀಟುಗಳಿವೆ, ಮಂಜೂರಾದ ಸೀಟಿನ ಮೇಲೆ ಶೇ. 5ರಷ್ಟು. ಅರಿವು ಸಾಲ ಇದೆ. ವಿದ್ಯಾಸಿರಿ ಇದೆ. ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್ ಇದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15 ಸೀಟು ಮೀಸಲಿದೆ. ಕಾಗದಪತ್ರ ಸರಿಯಿಲ್ಲದ ಕಾರಣಕ್ಕೆ ಈ ಹಕ್ಕು ಕೈತಪ್ಪಬಾರದು. ಗೆಳೆಯರೇ, ಇದು ನಿಮ್ಮ ಕೆಲಸ. ಒಂದು ಮಗುವನ್ನು ಕರೆದುಕೊಂಡು ಹೋಗಿ ಅದರ ಶಾಲೆಯ ದಾಖಲೆ ಸರಿಯಿದೆಯೇ ಎಂದು ನೋಡುವುದು ಯಾವ ಕನ್ನಡದ ಕೆಲಸಕ್ಕೂ ಕಡಿಮೆಯದಲ್ಲ.

ದುಡ್ಡಿನ ನಂತರ ಹೊತ್ತು. ದುಡ್ಡನ್ನು ಎಲ್ಲರೂ ಎಣಿಸುತ್ತಾರೆ. ಹೊತ್ತನ್ನು ಎಣಿಸುವವರು ಕಡಿಮೆ. ಹೋಗಿ ಬರಲು ದಿನಕ್ಕೆ ಮೂರು ಗಂಟೆ, ವರ್ಷಕ್ಕೆ ಇನ್ನೂರು ದಿನ ಎಂದರೆ 600 ಗಂಟೆ. ಅಂದರೆ ಇಪ್ಪತ್ತೈದು ಹಗಲು, ಇಪ್ಪತ್ತೈದು ರಾತ್ರಿ ಪೂರ್ತಿ ದಾರಿಯಲ್ಲೇ! ಬೆಂಗಳೂರಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರೊಳಗೇ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರಲು ಇಷ್ಟೇ ಹೊತ್ತು ಕಳೆಯುವವರು ನೀವು. ರೈಲಿನಲ್ಲಿ ಕೂರಲು ಜಾಗ ಸಿಕ್ಕಿ ಓದಿಕೊಂಡರೆ ಬೇರೆ ಲೆಕ್ಕ, ಬಸ್ಸಿನಲ್ಲಿ ಜೋತಾಡಿದರೆ ಬೇರೆ ಲೆಕ್ಕ. ಅದಕ್ಕೇ ಹಾಳೆಯಲ್ಲಿ ಬರೆದರೆ ಸಾಲದು, ಒಂದು ಸಲ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಮಗುವನ್ನು ಕಳಿಸಿ ನೋಡಿ.

ಫಲಕ ನೋಡಿ ಮರುಳಾಗಬೇಡಿ

ಕಾಲೇಜುಗಳ ಕರಪತ್ರ ನಾನೂ ಅಚ್ಚು ಹಾಕಿದ್ದೇನೆ. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ, ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದಕ್ಕಿಂತ ಅಲ್ಲಿ ಇಲ್ಲದ್ದನ್ನು ಕೇಳಿ. 'ಅತಿ ಹೆಚ್ಚು ಸಂಬಳ ಇಷ್ಟು ಲಕ್ಷ' ಎಂದು ಹಾಕಿರುತ್ತಾರೆ. ಅದು ಒಬ್ಬನ ಸಂಬಳ. ನೀವು ಕೇಳಬೇಕಾದದ್ದು, ಕೆಲಸ ಸಿಕ್ಕವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಸಂಬಳ ಎಷ್ಟು? ನಿಮ್ಮ ಬ್ರಾಂಚಿನಲ್ಲಿ ಎಷ್ಟು ಜನ ಹೆಸರು ಕೊಟ್ಟಿದ್ದರು, ಅದರಲ್ಲಿ ಎಷ್ಟು ಜನಕ್ಕೆ ಸಿಕ್ಕಿತು? ಒಬ್ಬನಿಗೇ ಮೂರು ಕಂಪನಿ ಸಿಕ್ಕಿದ್ದನ್ನು ಮೂರು ಎಂದು ಎಣಿಸಿದ್ದಾರೋ, ಒಂದು ಎಂದೋ?

ಇನ್ನು ದರ್ಜೆಯ ಮಾತು. ನ್ಯಾಕ್ ಎಂಬುದು ಇಡೀ ಕಾಲೇಜಿಗೆ ಕೊಡುವುದು. ಎನ್‌ಬಿಎ ಎಂಬುದು ಒಂದೊಂದು ಬ್ರಾಂಚಿಗೆ ಕೊಡುವುದು. ಕಾಲೇಜಿಗೆ ಒಳ್ಳೆಯ ದರ್ಜೆ ಇದ್ದು ನಿಮಗೆ ಬೇಕಾದ ಬ್ರಾಂಚಿಗೆ ಎನ್‌ಬಿಎ ಇಲ್ಲದೆಯೂ ಇರಬಹುದು. ಎರಡನ್ನೂ ಕೇಳಿ. ಎಷ್ಟು ಜನ ಕಾಯಂ ಅಧ್ಯಾಪಕರಿದ್ದಾರೆ, ಲ್ಯಾಬು ಎಷ್ಟು ಗಂಟೆವರೆಗೆ ತೆರೆದಿರುತ್ತದೆ, ಲೈಬ್ರರಿ ಭಾನುವಾರ ಇರುತ್ತದೆಯೇ, ಇವನ್ನೆಲ್ಲ ಆಫೀಸಿನಲ್ಲಿ ಕೇಳಬೇಡಿ. ಗೇಟಿನ ಹೊರಗೆ ಟೀ ಅಂಗಡಿಯ ಮುಂದೆ ಎರಡನೆಯ ವರ್ಷದ ಮಕ್ಕಳು ನಿಂತಿರುತ್ತಾರಲ್ಲ, ಅವರನ್ನು ಕೇಳಿ. ನಿಜ ಅಲ್ಲಿ ಸಿಗುತ್ತದೆ.

ನಮ್ಮ ಹುಡುಗಿ ಎರಡು ಕಡೆಗೂ ಹೋದಳು. ಎರಡು ಕಡೆಯೂ ಅವಳು ಕೇಳಿದ ಪ್ರಶ್ನೆ ನಮಗೆ ಯಾರಿಗೂ ಹೊಳೆದಿರಲಿಲ್ಲ. 'ಕನ್ನಡ ಮಾಧ್ಯಮದಿಂದ ಬಂದ ಸೀನಿಯರ್ಸ್ ಯಾರಿದ್ದಾರೆ? ಮೊದಲ ಸೆಮಿಸ್ಟರಿನಲ್ಲಿ ಡೌಟು ಬಂದಾಗ ಯಾರ ಹತ್ತಿರ ಹೋದರು?' ಶೇ. 5 ಮೀಸಲು ಇರುವುದರಿಂದ ಇಂಥ ಕಾಲೇಜುಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಇದ್ದೇ ಇರುತ್ತಾರೆ. ಹುಡುಕಿದರೆ ಸಿಗುತ್ತಾರೆ. ಅವಳಿಗೆ ಎರಡು ಕಡೆಯೂ ಸಿಕ್ಕರು. ಎರಡು ಕಡೆಯವರೂ ಅದೇ ಮಾತು ಹೇಳಿದರು. ಮೊದಲ ಆರು ತಿಂಗಳು ಕಷ್ಟ, ಪಾಠ ಗೊತ್ತಿದ್ದರೂ ಎದ್ದು ನಿಂತು ಇಂಗ್ಲಿಷಿನಲ್ಲಿ ಕೇಳಲು ನಾಲಿಗೆ ಏಳುವುದಿಲ್ಲ, ಆಮೇಲೆ ಸರಿಹೋಗುತ್ತದೆ.

ಈ ಮಾತನ್ನು ಸ್ವಲ್ಪ ಯೋಚಿಸಿ. 2021ರಲ್ಲಿ ಎಐಸಿಟಿಇಯವರು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟರು. ನಮ್ಮಲ್ಲಿ ಮಕ್ಕಳು ಹಿಂಜರಿದರು. ಅದಕ್ಕಾಗಿ ಅವರನ್ನು ಬೈಯಬೇಡಿ. ಮುಂದೆ ಕೆಲಸ ಕೊಡುವವನು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳುತ್ತಾನೆ ಎಂಬ ಭಯ ಅವರದು. ಆ ಭಯ ಹೋಗಿಸಬೇಕಾದವರು ಕೆಲಸ ಕೊಡುವವರು ಮತ್ತು ಸರ್ಕಾರ, ಹದಿನೇಳರ ಮಗುವಲ್ಲ. ಅಲ್ಲಿಯವರೆಗೆ ನಮ್ಮಿಂದ ಆಗುವುದು ಒಂದಿದೆ. ಮೊದಲ ಆರು ತಿಂಗಳು ಆ ಮಗುವಿಗೆ ಕನ್ನಡದಲ್ಲೇ ಡೌಟು ಹೇಳಿಕೊಡುವ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಗೊತ್ತುಮಾಡಿ ಕೊಡುವುದು. ಈ ಸಭೆಯಲ್ಲೇ ಎಂಜಿನಿಯರಿಂಗ್ ಓದಿದವರು ಹತ್ತು ಜನ ಕಾಣುತ್ತಿದ್ದಾರೆ. ವಾರಕ್ಕೆ ಒಂದು ಗಂಟೆ ಕೊಟ್ಟರೆ ನಿಮ್ಮ ಗಂಟೇನು ಹೋಗುವುದಿಲ್ಲ!

ಅಚ್ಚಾದ ಮೇಲೆ ತಿದ್ದಬಹುದಾದದ್ದು, ತಿದ್ದಲಾಗದ್ದು

ಇನ್ನು ನನ್ನ ಕಸುಬಿನ ಒಂದು ಮಾತು. ಇವತ್ತಿನ ನನ್ನ ಭಾಷಣದಲ್ಲಿ ನೆನಪಿಡುವಂಥದ್ದು ಏನಾದರೂ ಇದ್ದರೆ ಇದೊಂದೇ.

ಪ್ರೂಫಿನಲ್ಲಿ ಎಲ್ಲವನ್ನೂ ತಿದ್ದಬಹುದು. ಅಚ್ಚಾದ ಮೇಲೆ ಹಾಗಲ್ಲ. ರಕ್ಷಾಪುಟ ಸರಿಯಿಲ್ಲದಿದ್ದರೆ ಬಿಚ್ಚಿ ಬೇರೆ ಹಾಕಬಹುದು. ಬೆಲೆ ತಪ್ಪಾಗಿದ್ದರೆ ಮೇಲೆ ಚೀಟಿ ಅಂಟಿಸಬಹುದು. ಆದರೆ ಒಳಗಿನ ಇನ್ನೂರು ಪುಟ ತಪ್ಪಾದರೆ ಎಲ್ಲವೂ ರದ್ದಿ. ಅದಕ್ಕೇ ಜಾಣ ಗಿರಾಕಿ ಪ್ರೂಫ್ ನೋಡುವಾಗ ರಕ್ಷಾಪುಟದ ಬಣ್ಣಕ್ಕೆ ಒಂದು ಗಂಟೆ, ಒಳಪುಟಕ್ಕೆ ಐದು ನಿಮಿಷ ಕೊಡುವುದಿಲ್ಲ.

ಎರಡು ಕಾಲೇಜು ಇಟ್ಟುಕೊಂಡು ಕೂತಾಗ ಇದನ್ನೇ ಮಾಡಿ. ಸೇರಿದ ಮೇಲೆ ಬದಲಾಯಿಸಬಹುದಾದದ್ದು ಯಾವುದು? ಇರುವ ಜಾಗ ಬದಲಾಯಿಸಬಹುದು. ಮನೆಯಿಂದ ಓಡಾಡುವುದನ್ನು ಬಿಟ್ಟು ಹಾಸ್ಟೆಲಿಗೆ ಹೋಗಬಹುದು, ಹಾಸ್ಟೆಲು ಬಿಟ್ಟು ರೂಮು ಮಾಡಬಹುದು. ಗೆಳೆಯರು ಬದಲಾಗುತ್ತಾರೆ. ಹೊರಗಿನ ಕೋರ್ಸು, ರಜೆಯಲ್ಲಿ ಬೇರೆ ಊರಿನಲ್ಲಿ ತರಬೇತಿ, ಇವೆಲ್ಲ ಆಮೇಲೆ ಸೇರಿಸಿಕೊಳ್ಳಬಹುದು. ಬದಲಾಯಿಸಲಾಗದ್ದು ಯಾವುದು? ಬ್ರಾಂಚು. ಕಾಲೇಜು. ನಾಲ್ಕು ವರ್ಷ ಕಟ್ಟಲೇಬೇಕಾದ ಶುಲ್ಕ. ಒಂದು ವರ್ಷದ ನಂತರ ಬದಲಾಯಿಸಲು ನಿಯಮದಲ್ಲಿ ಅವಕಾಶ ಇದ್ದರೂ ಅದನ್ನೇ ನಂಬಿಕೊಂಡು ಸೇರಬಾರದು.

ನಮ್ಮ ಮನೆಯ ಜಗಳ ಎಲ್ಲ ಯಾವುದರ ಮೇಲಿತ್ತು? ಅವಳು ಎಲ್ಲಿ ಮಲಗುತ್ತಾಳೆ, ಎಲ್ಲಿ ಉಣ್ಣುತ್ತಾಳೆ ಎಂಬುದರ ಮೇಲೆ! ಅದು ಯಾವಾಗ ಬೇಕಾದರೂ ಬದಲಾಗುವಂಥದ್ದು. ಬ್ರಾಂಚು ಎರಡು ಕಡೆಯೂ ಒಂದೇ. ಒಟ್ಟು ಖರ್ಚು ಎರಡು ಕಡೆಯೂ ಹತ್ತಿರ ಹತ್ತಿರ. ಅಂದ ಮೇಲೆ ಇದರಲ್ಲಿ ತಪ್ಪು ಆಯ್ಕೆ ಎಂಬುದೇ ಇಲ್ಲ ಎಂದು ಗೊತ್ತಾಯಿತು. ಇದು ಗೊತ್ತಾದ ಕೂಡಲೇ ಮನೆಯಲ್ಲಿ ಎಲ್ಲರ ಧ್ವನಿ ಇಳಿಯಿತು.

ಅಕ್ಕ ಮಗಳಿಗೆ ಇನ್ನೊಂದು ಉಪಾಯ ಹೇಳಿಕೊಟ್ಟಳು. 'ಎರಡು ದಿನ ಬೆಂಗ್ಳೂರೇ ಅಂತ ಗಟ್ಟಿ ಮಾಡ್ಕೊಂಡು ಓಡಾಡು. ಕೇಳ್ದೋರಿಗೆಲ್ಲ ಹಂಗೇ ಹೇಳು. ಆಮೇಲೆ ಎರಡು ದಿನ ಮೈಸೂರು ಅಂತ ಹೇಳು. ಯಾವ ಎರಡು ದಿನ ಹೊಟ್ಟೆ ತುಂಬ ಉಂಡು ನಿದ್ದೆ ಮಾಡ್ದೆ ನೋಡ್ಕೋ.' ಚೀಟಿ ಎತ್ತುವುದಕ್ಕಿಂತ ಇದು ಎಷ್ಟೋ ಮೇಲು. ಮನಸ್ಸಿಗೆ ಗೊತ್ತಿರುವುದು ಬಾಯಿಗೆ ಬರಲು ನಾಲ್ಕು ದಿನ ಬೇಕಾಗುತ್ತದೆ.

ಕೀಬೋರ್ಡಿನ ಮುಂದೆ ಕೂರುವವರು ಯಾರು?

ಪ್ರೂಫ್ ಸರಿಯಿದೆ ಎಂದು ಕೊನೆಗೆ ಸಹಿ ಹಾಕಬೇಕಾದವನು ಗಿರಾಕಿ. ನಾನು ಮೂವತ್ತು ಸಲ ಓದಿರಬಹುದು, ಡಿಟಿಪಿ ಹುಡುಗ ನೂರು ಸಲ ನೋಡಿರಬಹುದು. ಆದರೂ ಪುಸ್ತಕ ಯಾರದೋ ಅವರ ಸಹಿಯಿಲ್ಲದೆ ಮೆಷಿನ್ನು ತಿರುಗುವುದಿಲ್ಲ. ಈ ನಾಲ್ಕು ವರ್ಷ ಆ ಮಗುವಿನದು. ಆದ್ದರಿಂದ ಸಹಿ ಅದರದು.

ಸಿಇಟಿಯಲ್ಲಿ ಈ ಸಹಿ ಬೀಳುವುದು ಆಪ್ಷನ್ ಎಂಟ್ರಿಯಲ್ಲಿ. ಯಾವ ಕಾಲೇಜು ಮೊದಲ ಸಾಲಿನಲ್ಲಿ, ಯಾವುದು ಎರಡನೆಯ ಸಾಲಿನಲ್ಲಿ, ಅಷ್ಟೇ ವಿಷಯ. ಆದರೆ ಅದೇ ಎಲ್ಲ! ಕಂಪ್ಯೂಟರು ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ. ಮೊದಲ ಸಾಲಿನದು ರ‍್ಯಾಂಕಿಗೆ ಸಿಕ್ಕಿತೋ, ಕೆಳಗಿನದನ್ನು ನೋಡುವುದೇ ಇಲ್ಲ. ಅಣಕು ಹಂಚಿಕೆ ಎಂದು ಮೊದಲು ಒಂದು ಮಾದರಿ ಬಿಡುತ್ತಾರೆ. ಅದು ನಮ್ಮ ಪ್ರೂಫ್ ಇದ್ದ ಹಾಗೆ. ಅದನ್ನು ನೋಡಿ ಸಾಲು ಹಿಂದುಮುಂದು ಮಾಡಬಹುದು. ಆಮೇಲೆ ನಿಜವಾದ ಹಂಚಿಕೆ. ಆಗ ನಾಲ್ಕು ಆಯ್ಕೆ ಕೊಡುತ್ತಾರೆ. ಒಂದು, ಸಿಕ್ಕಿದ್ದು ಸಾಕು, ಸೇರುತ್ತೇನೆ. ಎರಡು, ಇದು ಕೈಯಲ್ಲಿರಲಿ, ಮೇಲಿನ ಸಾಲಿನದು ಸಿಕ್ಕರೆ ಅದು. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು, ನನಗೆ ಯಾವುದೂ ಬೇಡ. ಎರಡನೆಯದನ್ನು ಒತ್ತಿ ಮೇಲಿನದು ಸಿಕ್ಕಿತು ಎಂದರೆ ಕೈಯಲ್ಲಿದ್ದ ಸೀಟು ತಾನಾಗಿಯೇ ಹೋಗುತ್ತದೆ, ಮತ್ತೆ ಬೇಕು ಎಂದರೆ ಬರುವುದಿಲ್ಲ. ಸಣ್ಣಪುಟ್ಟ ನಿಯಮ ವರ್ಷ ವರ್ಷ ಬದಲಾಗುತ್ತದೆ. ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಸೂಚನೆಯನ್ನು ಕೂತು ಪೂರ್ತಿ ಓದಿ.

ಇಷ್ಟು ಮುಖ್ಯವಾದ ಕೆಲಸವನ್ನು ನಮ್ಮ ಜನ ಏನು ಮಾಡುತ್ತಾರೆ? ಸೈಬರ್ ಸೆಂಟರಿನ ಹುಡುಗನ ಕೈಗೆ ಪಾಸ್‌ವರ್ಡ್ ಕೊಟ್ಟು, 'ಒಳ್ಳೆಯದು ಹಾಕಪ್ಪಾ' ಎಂದು ಬರುತ್ತಾರೆ! ಮಾಡಬೇಡಿ. ಪಾಸ್‌ವರ್ಡ್ ಮಗುವಿನ ಹತ್ತಿರ ಇರಲಿ. ಕೀಬೋರ್ಡಿನ ಮುಂದೆ ಮಗುವೇ ಕೂರಲಿ. ನೀವು ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ ಹೇಳಿ, ಅಷ್ಟೇ. ಪ್ರೂಫ್ ಓದುವ ಕ್ರಮ ಅದು. ಒಬ್ಬರು ಓದಬೇಕು, ಒಬ್ಬರು ನೋಡಬೇಕು.

ನಮ್ಮ ಹುಡುಗಿ ಕೂತಳು. ಮೊದಲ ಸಾಲಿನಲ್ಲಿ ಮೈಸೂರು ಹಾಕಿದಳು. ನನ್ನ ಪಕ್ಷ ಸೋತಿತು! ಯಾಕಮ್ಮಾ ಎಂದು ಕೇಳಿದೆ. ಅವಳು ಹೇಳಿದ್ದು ಇದು: 'ಮಾವ, ಎಲ್ಲೋದ್ರೂ ಮೊದಲ್ನೇ ವರ್ಷ ಇಂಗ್ಲಿಷ್ ಕಷ್ಟ ಇದ್ದಿದ್ದೇ. ಆ ವರ್ಷವೇ ಊರೂ ಹೊಸದು, ಊಟಾನೂ ಹೊಸದು ಅಂದ್ರೆ ಮೂರು ಹೊರೆ ಆಯ್ತದೆ. ಮನೆಯಿಂದ ಓಡಾಡಿದ್ರೆ ಒಂದೇ ಹೊರೆ. ಎರಡನೇ ವರ್ಷ ಮೈಸೂರಲ್ಲೇ ರೂಮು ಮಾಡ್ತೀನಿ. ಅದನ್ನ ಅಪ್ಪಂಗೆ ಈಗ್ಲೇ ಹೇಳ್ಬುಡಿ.'

ಗೆದ್ದೆ ಎಂದು ಕೂತಿದ್ದ ಭಾವನವರ ಮುಖ ನೋಡಬೇಕಿತ್ತು! ಆದರೆ ಒಪ್ಪಿದರು. ಎರಡನೆಯ ವರ್ಷ ಅವಳು ಹೇಳಿದಂತೆಯೇ ಇಬ್ಬರು ಗೆಳತಿಯರ ಜೊತೆ ರೂಮು ಮಾಡಿದಳು. ಬದಲಾಗುವಂಥದ್ದು ಬದಲಾಯಿತು. ಬದಲಾಗದ್ದು ಮೊದಲೇ ಸರಿಯಾಗಿ ಕೂತಿತ್ತು.

ಹಾಗಾದರೆ ಎಲ್ಲರೂ ಮೈಸೂರಿಗೆ ಹೋಗಿ ಎನ್ನುತ್ತೇನೆಯೇ? ಇಲ್ಲ. ಮರುವರ್ಷ 2024ರಲ್ಲಿ ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವವರ ಮಗನಿಗೂ ಇದೇ ಎರಡು ಕಾಲೇಜು ಎದುರಿಗೆ ಬಂದವು. ಅವನು ಒಂದು ನಿಮಿಷವೂ ಯೋಚಿಸದೆ ಕೆ.ಆರ್. ವೃತ್ತ ಹಾಕಿದ. ನಾನೇ ಅವನನ್ನು ಕೂರಿಸಿ ಹಾಳೆ ಹಾಕಿಸಿದೆ. ಕಾರಣ ಸ್ಪಷ್ಟವಾಗಿತ್ತು. ಅವನು ಸಾಯಂಕಾಲ ಎರಡು ಗಂಟೆ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಾನೆ. ಆ ಸಂಬಳದಲ್ಲಿ ತಂಗಿಯ ಶಾಲೆ ನಡೆಯುತ್ತದೆ. ಕಾಲೇಜಿನಿಂದ ಚಾಮರಾಜಪೇಟೆಗೆ ಬರಲು ಅವನಿಗೆ ಮೆಟ್ರೋ ಇದೆ. ಅವನಿಗೆ ಬೆಂಗಳೂರೇ ಸರಿ. ಅದೇ ಎರಡು ಕಾಲೇಜು, ಇಬ್ಬರು ಮಕ್ಕಳು, ಎರಡು ಉತ್ತರ. ಎರಡೂ ಸರಿ!

ಗೆಳೆಯರೇ, ಈ ವರ್ಷವೂ ಫಲಿತಾಂಶ ಬರುತ್ತದೆ. ನಿಮ್ಮ ಬೀದಿಯಲ್ಲಿ ಯಾವುದೋ ಮನೆಯಲ್ಲಿ ಎರಡು ಪಕ್ಷ ಆಗುತ್ತದೆ. ನಡುವೆ ಒಂದು ಮಗು ತಲೆ ತಗ್ಗಿಸಿ ಕೂತಿರುತ್ತದೆ. ನೀವು ಹೋದಾಗ ಮೂರನೆಯ ಪಕ್ಷ ಆಗಬೇಡಿ. 'ನಾನು ಓದಿದ ಕಾಲೇಜೇ ಒಳ್ಳೆಯದು' ಎಂದು ಶುರು ಮಾಡಬೇಡಿ. ಒಂದು ಹಾಳೆ ತೆಗೆದುಕೊಳ್ಳಿ, ನಡುವೆ ಗೆರೆ ಎಳೆಯಿರಿ, ದುಡ್ಡು ಬರೆಯಿರಿ, ಹೊತ್ತು ಬರೆಯಿರಿ, ತಿದ್ದಬಹುದಾದದ್ದು ತಿದ್ದಲಾಗದ್ದು ಬೇರೆ ಮಾಡಿ. ಆ ಕಾಲೇಜಿನಲ್ಲಿ ಓದುತ್ತಿರುವ ಒಬ್ಬ ಕನ್ನಡದ ಹುಡುಗನ ಜೊತೆಯೋ ಹುಡುಗಿಯ ಜೊತೆಯೋ ಮಾತಾಡಿಸಿ. ಆಮೇಲೆ ಹಾಳೆಯನ್ನು ಮಗುವಿನ ಕೈಗೆ ಕೊಟ್ಟು, 'ನಾಲ್ಕು ದಿನ ಇಟ್ಟುಕೋ, ಯೋಚನೆ ಮಾಡಿ ಹೇಳು, ನೀನು ಏನು ಹೇಳಿದರೂ ನಾವು ನಿನ್ನ ಜೊತೆ' ಎಂದು ಎದ್ದು ಬನ್ನಿ.

ಆ ಕೊನೆಯ ಮಾತನ್ನು ಅಪ್ಪನ ಬಾಯಲ್ಲಿ ಹೇಳಿಸಲು ಆದರೆ ಇನ್ನೂ ಒಳ್ಳೆಯದು. ಅದಕ್ಕೆ ಸ್ವಲ್ಪ ಟೀ ಖರ್ಚಾದೀತು. ಖರ್ಚು ಮಾಡಿ.

ಹಾಳೆ ಬೇಕಿದ್ದರೆ ನನ್ನ ಪ್ರೆಸ್ಸಿಗೆ ಬನ್ನಿ. ಗೆರೆ ಎಳೆದು, ಕನ್ನಡದಲ್ಲೇ ಶೀರ್ಷಿಕೆ ಹಾಕಿ, ಐನೂರು ಪ್ರತಿ ಅಚ್ಚು ಹಾಕಿ ಕೊಡುತ್ತೇನೆ. ಆ ಕೆಲಸಕ್ಕೆ ನಾನು ಬಿಲ್ ಬರೆಯುವುದಿಲ್ಲ.